ಗೋಡೆಗಳು ಮಲಗಿದ ದಿನ

ಗೋಡೆಗಳಿಗೂ ಬಾಯಾರಿಕೆಯಾಗುತ್ತದೆ ಎಂಬುದು ಹಸರೂರಿನ ಜನಕ್ಕೆ ನಿಜವಾಗಿ ಮನಸ್ಸಿಗಿಳಿದದ್ದು ಆ ವರ್ಷದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅವರು ಗೋಡೆಗಳನ್ನು ಮರೆತೇಬಿಟ್ಟಿದ್ದರು.

ಕಲಬುರಗಿಯಿಂದ ಅರ್ಧ ತಾಸಿನ ದಾರಿ. ಕಪ್ಪು ಎರೆ ಭೂಮಿಯ ನಡುವೆ ಹೊಸದಾಗಿ ಕಟ್ಟಿದ ಬಡಾವಣೆ, ಸುಮಾರು ಮುನ್ನೂರು ಮನೆ. ಪ್ರತಿ ಮನೆಯ ಹೊರಗೋಡೆಗೂ ಕಂಬಳಿ ಹೊದಿಸಿದಂತೆ ದಪ್ಪನೆಯ ಹಸಿರು ಪಾಚಿ. ಬಂಡೆಗಳ ಮೇಲೆ ಬದುಕುವ ಒಂದು ಜಾತಿಯ ಪಾಚಿಯನ್ನು ಪ್ರಯೋಗಾಲಯದಲ್ಲಿ ತಿದ್ದಿ, ಬಯಲುಸೀಮೆಯ ಬಿಸಿಲಿಗೆ ಒಗ್ಗಿಸಿ ಇಲ್ಲಿ ತಂದು ಬೆಳೆಸಿದ್ದರು. ಸ್ನಾನದ ನೀರು, ಪಾತ್ರೆ ತೊಳೆದ ನೀರು ಗೋಡೆಯ ಬುಡದ ತೊಟ್ಟಿಗೆ ಹೋಗುತ್ತಿತ್ತು. ಪಾಚಿ ಅದನ್ನು ಹೀರಿಕೊಂಡು, ಬಿಸಿಲೇರಿದಂತೆ ಆವಿಯಾಗಿ ಹೊರಗೆ ಬಿಡುತ್ತಿತ್ತು. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವ ಹಾಗೆ ಮನೆ ತಂಪಾಗುತ್ತಿತ್ತು. ಸೋಸಿ ಉಳಿದ ನೀರು ಹಿತ್ತಲಿನ ಬದನೆ, ಪುಂಡಿಪಲ್ಯ, ನಿಂಬೆ ಗಿಡಗಳ ಪಾಲು. ಹೊರಗೆ ನಲವತ್ತೈದು ಡಿಗ್ರಿ ಇದ್ದಾಗಲೂ ಒಳಗೆ ಚಾದರ ಹೊದ್ದು ಮಲಗುವವರಿದ್ದರು. ಎಸಿ ಬೇಕಿಲ್ಲ, ಕೂಲರ್ ಬೇಕಿಲ್ಲ. ಬೇಕಿಲ್ಲವೆಂದೇ ಬಡಾವಣೆಗೆ ವಿದ್ಯುತ್ತನ್ನೂ ದೀಪ, ಫ್ಯಾನು, ಫ್ರಿಜ್ಜಿಗೆ ಸಾಲುವಷ್ಟು ಮಾತ್ರ ಎಳೆದಿದ್ದರು.

ಪಾಚಿಗೆ ಒಂದೇ ಒಂದು ದೋಷವಿತ್ತು. ತೇವ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಅದು ತನ್ನ ಜೀವ ಉಳಿಸಿಕೊಳ್ಳಲು ರಂಧ್ರಗಳನ್ನೆಲ್ಲ ಮುಚ್ಚಿಕೊಂಡು ಮಲಗಿಬಿಡುತ್ತಿತ್ತು. ಮಲಗಿದ ಪಾಚಿ ಕಂದುಬಣ್ಣಕ್ಕೆ ತಿರುಗಿ ಬಿಸಿಲನ್ನೆಲ್ಲ ಕುಡಿಯುತ್ತಿತ್ತು. ಆಗ ಮನೆ ರೊಟ್ಟಿ ಸುಡುವ ಹಂಚಾಗುತ್ತಿತ್ತು. ಮತ್ತೆ ಅದನ್ನು ಎಬ್ಬಿಸಲು ವಾರಗಟ್ಟಲೆ ನೀರುಣಿಸಬೇಕು. ಎದ್ದೇ ಏಳುತ್ತದೆಂಬ ಭರವಸೆಯೂ ಇಲ್ಲ.

ಇದೆಲ್ಲವನ್ನೂ ಜಗದೇವಿಗಿಂತ ಚೆನ್ನಾಗಿ ಬಲ್ಲವರು ಹಸರೂರಿನಲ್ಲಿ ಇರಲಿಲ್ಲ. ಸಸ್ಯಶಾಸ್ತ್ರ ಓದಿ, ಗೋಡೆಗಳ ಆರೋಗ್ಯ ನೋಡಿಕೊಳ್ಳಲೆಂದೇ ಅಲ್ಲಿ ಕೆಲಸಕ್ಕೆ ಸೇರಿದವಳು. ಮೂರನೆಯ ಸಾಲಿನಲ್ಲಿ ಅವಳದೂ ಒಂದು ಮನೆ. ಗಂಡ ರೈಲಿನ ಚಾಲಕ, ಆ ವಾರ ಸೊಲ್ಲಾಪುರದ ಕಡೆ ಹೋದವನು ಬಂದಿರಲಿಲ್ಲ. ಮನೆಯಲ್ಲಿ ಅತ್ತೆ ಗುರುಬಸಮ್ಮ, ಬಾಣಂತನಕ್ಕೆ ಬಂದ ಮಗಳು ಅಶ್ವಿನಿ, ಅಶ್ವಿನಿಯ ಎಳೆಗೂಸು.

ಅಂದು ಬೆಳಗ್ಗೆ ನಿಯಂತ್ರಣ ಕೊಠಡಿಗೆ ಬಂದಾಗ ಮುಖ್ಯ ಎಂಜಿನಿಯರ್ ಅನಂತ ದೇಸಾಯಿ ಪರದೆಯ ಮುಂದೆ ನಿಂತಿದ್ದರು. ರಾತ್ರಿಯೆಲ್ಲ ನಿದ್ದೆ ಮಾಡಿದ ಮುಖವಲ್ಲ ಅದು.

"ನದಿ ಹತ್ರ ಪಂಪ್ ಮೋಟಾರ್ ಸುಟ್ಟು ಎರಡು ದಿನ ಆತು. ನಾಳೆ ಸಂಜಿತನಾ ನೀರು ಬರಂಗಿಲ್ಲ ಅಂತ ಈಗ ಹೇಳ್ಯಾರ. ಟ್ಯಾಂಕರ್ ಎಲ್ಲಾ ದವಾಖಾನಿಗೆ ಹೋಗ್ಲತ್ತಾವ," ಎಂದರು.

ಪರದೆಯ ಮೇಲೆ ಪ್ರತಿ ಮನೆಯೂ ಒಂದು ಚೌಕ. ಹಸಿರಿದ್ದ ಚೌಕಗಳು ಹಳದಿಗೆ ತಿರುಗುತ್ತಿದ್ದವು. ಜಗದೇವಿ ಬಡಾವಣೆಗೆಲ್ಲ ನೀರು ಹಂಚುವ ದೊಡ್ಡ ತೊಟ್ಟಿಯ ಮಟ್ಟ ನೋಡಿದಳು, ಹೊರಗಿನ ಉಷ್ಣಾಂಶ ನೋಡಿದಳು. ಮಧ್ಯಾಹ್ನಕ್ಕೆ ನಲವತ್ತೊಂಬತ್ತು ಮುಟ್ಟುವ ಅಂದಾಜಿತ್ತು.

"ಎಲ್ಲಾ ಮನಿಗೂ ಸಮ ಹಂಚಿದ್ರ?"

"ಇವತ್ತು ಮೂರು ಗಂಟಿ ಹೊತ್ತಿಗೆ ಎಲ್ಲಾ ಗ್ವಾಡಿನೂ ಮಲಗ್ತಾವ. ಒಂದೂ ಉಳಿಯಂಗಿಲ್ಲ." ದೇಸಾಯಿ ಕನ್ನಡಕ ತೆಗೆದು ಒರೆಸಿದರು. "ಮೂರನೇ ಒಂದು ಭಾಗ ಮನಿಗೆ ಪೂರ್ತಿ ನೀರು ಕೊಟ್ರ, ಅವು ನಾಳೆತನಾ ತಡೀತಾವ. ಯಾವ ಮನಿ ಅಂತ ಕಂಪ್ಯೂಟರ್ ಆರಿಸ್ಯದ. ಯಾವ ಗ್ವಾಡಿ ಗಟ್ಟಿ ಅದನೋ ಅವಕ್ಕ ಮೊದಲು."

ಆರಿಸಿದ ಮನೆಗಳ ಸುತ್ತ ನೀಲಿ ಗೆರೆ ಇತ್ತು. ಜಗದೇವಿಯ ಮನೆ ಮೊದಲ ಕೆಲವುಗಳಲ್ಲೇ ಇತ್ತು. ತಾನೇ ಆರೈಕೆ ಮಾಡಿದ ಗೋಡೆ, ಇರದೆ ಏನು. ಪಕ್ಕದ ಕಾಶಿಬಾಯಿಯ ಮನೆ ಕೊನೆಯಲ್ಲಿ ಉಳಿದಿತ್ತು. ಕಾಶಿಬಾಯಿ ಜೋಳದ ರೊಟ್ಟಿ ಸುಟ್ಟು ನಗರಕ್ಕೆ ಕಳಿಸುವವಳು. ಮೂರು ದೊಡ್ಡ ಒಲೆಗಳ ಶಾಖಕ್ಕೆ ಅವಳ ಮನೆಯ ಪಾಚಿ ಎಂದೂ ಪೂರ್ತಿ ಹಸಿರಾಗಿರಲೇ ಇಲ್ಲ.

"ಉಳದ ಮನ್ಯಾಗಿನ ಮಂದಿ ಎಲ್ಲಿಗಿ ಹೋಗಬೇಕು ಸರ್?"

"ಇಲ್ಲಿ ಬ್ಯಾಟರಿ ಮ್ಯಾಲ ಈ ಪರದಿ, ಸ್ಪೀಕರ್ ಅಷ್ಟ ನಡದಾವ, ಊರಾಗೂ ಕರೆಂಟ್ ಇಲ್ಲ. ಅಲ್ಲಿನ ಮಂದೀನೇ ಎಲ್ಲಿಗಿ ಹೋಗೂದು ಅಂತ ಕೇಳ್ಲತ್ತಾರ." ದೇಸಾಯಿ ಕನ್ನಡಕ ಮತ್ತೆ ಏರಿಸಿಕೊಂಡರು. "ನಂಗೂ ಗೊತ್ತಾಗವಲ್ದು ಮೇಡಂ."

ಜಗದೇವಿ ಕುರ್ಚಿ ಎಳೆದುಕೊಂಡು ಕೂತಳು. ಒಬ್ಬ ಮನುಷ್ಯನ ಮೈ ಒಂದು ಹಳೆಯ ದೊಡ್ಡ ಬಲ್ಬಿನಷ್ಟು ಶಾಖ ಬಿಡುತ್ತದೆ. ಗೋಡೆ ತೇವವಾಗಿದ್ದರೆ ಒಂದು ನಡುಮನೆ ಇಪ್ಪತ್ತು ಮಂದಿಯನ್ನು, ದೊಡ್ಡದಾದರೆ ನಲವತ್ತು ಮಂದಿಯನ್ನೂ ತಡೆದುಕೊಳ್ಳಬಹುದು. ಹಾಗಾದರೆ ನೀರನ್ನು ಮನೆಗಳಿಗೆ ಹಂಚುವ ಬದಲು ಮನುಷ್ಯರನ್ನೇ ಮನೆಗಳಿಗೆ ಹಂಚಿದರೆ? ಗಟ್ಟಿ ಗೋಡೆಯ ಮನೆ ಬೇಡ. ದೊಡ್ಡ ನಡುಮನೆಯಿರುವ ಮನೆ ಬೇಕು. ಅವಳು ಕಂಪ್ಯೂಟರಿಗೆ ಆ ಮಾತು ತಿಳಿಸಿ ಮತ್ತೆ ಆರಿಸಲು ಹೇಳಿದಳು. ನೀಲಿ ಗೆರೆಗಳು ಒಮ್ಮೆ ಅಳಿಸಿಹೋಗಿ ಬೇರೆ ಚೌಕಗಳ ಸುತ್ತ ಮೂಡಿದವು. ಈ ಸಲ ಅವಳ ಮನೆ ಅದರಲ್ಲಿರಲಿಲ್ಲ. ಆ ಮನೆಗೂ ಸುತ್ತಲಿನ ಕೆಲವು ಮನೆಗಳಿಗೂ ಆರಿಸಿದ್ದು ರೊಟ್ಟಿ ಬಡಿಯುವ ದೊಡ್ಡ ಪಡಸಾಲೆಯಿದ್ದ ಕಾಶಿಬಾಯಿಯ ಮನೆಯನ್ನು.

ದೇಸಾಯಿ ಪರದೆಯನ್ನೂ ಅವಳನ್ನೂ ನೋಡಿದರು. "ಲೆಕ್ಕ ಸರಿ ಅದ. ಆದ್ರ ಮಂದಿ ಹೋಗ್ತಾರೇನ್ರಿ? ಒಬ್ಬರ ಮನ್ಯಾಗ ಒಬ್ಬರು ನೀರು ಕುಡಿಯಂಗಿಲ್ಲ ಇಲ್ಲಿ. ಮತ್ತ ಅವರ ಗ್ವಾಡಿ, ಅವರ ಹಿತ್ತಲ ನಾವೇ ಒಣಗಸ್ತೀವಿ ಅಂತ ಹೇಳಬೇಕು."

"ಹೇಳೋಣ್ರಿ."

ಪ್ರತಿ ಮನೆಯಲ್ಲೂ ಗೋಡೆಯ ಸೂಚನೆ ಕೊಡಲೆಂದು ಒಂದು ಸ್ಪೀಕರ್ ಇತ್ತು. ಜಗದೇವಿ ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಯಾವ ಮನೆಯವರು ಎಲ್ಲಿಗೆ ಹೋಗಬೇಕು, ಯಾವ ಗೋಡೆಗಳ ನೀರು ಹನ್ನೊಂದಕ್ಕೆ ನಿಲ್ಲುತ್ತದೆ, ಎಲ್ಲವನ್ನೂ ಎರಡೆರಡು ಸಲ ಹೇಳಿದಳು. ಆಮೇಲೆ ಹೊರಗೆ ಬಂದು ನೋಡಿದರೆ ಬೀದಿಯಲ್ಲಿ ಒಬ್ಬರೂ ಹೆಜ್ಜೆ ಕಿತ್ತಿರಲಿಲ್ಲ. ಬಾಗಿಲುಗಳಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ನಿವೃತ್ತ ಹೆಡ್‌ಮಾಸ್ತರ್ ಮಲ್ಲಿನಾಥರು ತಮ್ಮ ಗೇಟಿನ ಬಳಿಯಿಂದ ಕರೆದರು. ಒಂಟಿ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಹಿತ್ತಿಲೇ ಅವರ ಸಂಸಾರ. ಕಸಿ ಕಟ್ಟಿದ ಅಂಜೂರ, ಬಳ್ಳಿ ಹಬ್ಬಿಸಿದ ತೊಂಡೆ, ಕುಂಡಗಳಲ್ಲಿ ಮೊಳಕೆ.

"ನಮ್ಮ ಗ್ವಾಡಿ ಯಾಕ ಒಣಗಸ್ತೀರಿ ಜಗದೇವಿ? ಇಷ್ಟು ವರ್ಷ ನೀವು ಹೇಳ್ದಂಗ ಮಾಡೀನಿ. ಒಂದು ಚರಿಗಿ ನೀರು ಸುಮ್ನ ಚೆಲ್ಲಿಲ್ಲ."

"ಗೊತ್ತದ ಸರ್. ಮೊದಲನೇ ಸಾಲಿನ ದೊಡ್ಡ ಮನಿಗೆ ಹೋಗ್ರಿ. ಅಲ್ಲಿ ನಿಮಗ ಜಾಗ ಇಟ್ಟೀವಿ."

"ನೋಡ್ತೀನಿ," ಎಂದು ಮಾಸ್ತರರು ಒಳಗೆ ಹೋದರು.

ಜಗದೇವಿ ಮನೆಗೆ ಓಡಿದಳು. ಗುರುಬಸಮ್ಮ ಆಗಲೇ ಸ್ಪೀಕರಿನ ಮಾತು ಕೇಳಿ ತುಟಿ ಬಿಗಿದು ಕೂತಿದ್ದಳು. ಎಪ್ಪತ್ತು ದಾಟಿದ ಜೀವ, ಮಡಿ ಮೈಲಿಗೆ ಬಿಡದ ಜೀವ. ಎರಡು ವರ್ಷದ ಹಿಂದೆ ಕಾಶಿಬಾಯಿಯ ಒಲೆಯ ಹೊಗೆಗೊಳವೆಗಳಿಂದ ತಮ್ಮ ಕಡೆಯ ಪಾಚಿ ಸುಡುತ್ತದೆಂದು ಅವಳು ಜಗಳ ತೆಗೆದಿದ್ದಳು. ಸೊಸೆಯ ಕೈಯಿಂದಲೇ ನಿಯಮ ಹೇಳಿಸಿ ಆ ಕೊಳವೆಗಳ ಬಾಯಿಗೆ ತಗಡು ಬಡಿಸಿದ್ದಳು. ಕಾಶಿಬಾಯಿ ಅಂದಿನಿಂದ ಒಲೆಗಳನ್ನು ಹಿತ್ತಲಿಗೆ ಸಾಗಿಸಿದ್ದಳು, ಈ ಮನೆಯ ಕಡೆ ಮುಖ ಮಾಡಿ ಮಾತಾಡಿರಲಿಲ್ಲ.

"ನಾ ಆಕಿ ಮನಿಗಿ ಹೋಗಂಗಿಲ್ಲ," ಎಂದಳು ಗುರುಬಸಮ್ಮ. "ನಮ್ಮ ಗ್ವಾಡಿ ಗಟ್ಟಿ ಇತ್ತು. ನೀನೇ ನಮ್ಮ ನೀರು ಬಂದ್ ಮಾಡಿದಿ."

"ಹೌದ್ರಿ ಅತ್ತಿ. ನಾನೇ ಮಾಡೀನಿ."

"ಬಾಣಂತಿ ಅದಾಳ ಮನ್ಯಾಗ. ಅದರದಾರ ಖಬರು ಅದ ಏನು ನಿನಗ?"

"ಅದಕ್ಕೇ ಹೇಳ್ಲತ್ತೀನ್ರಿ. ಇನ್ನೆರಡು ತಾಸಿಗಿ ಈ ಮನ್ಯಾಗ ಕೂಸು ಉಸಿರಾಡಂಗಿಲ್ಲ. ನೀವು ಹೊಂಟ್ರ ಸಾಲಿನ ಮಂದಿ ಎಲ್ಲಾ ಹೊಂಡ್ತಾರ. ನೀವು ಕೂತ್ರ ಅವರೂ ಕೂಡ್ತಾರ."

ಗುರುಬಸಮ್ಮ ಕೂತಲ್ಲಿಂದ ಏಳಲಿಲ್ಲ. ಅಶ್ವಿನಿಯೇ ಎದ್ದು ಮಗುವನ್ನು ತೆಳ್ಳನೆಯ ಸೀರೆಯ ಬಟ್ಟೆಯಲ್ಲಿ ಸುತ್ತಿಕೊಂಡಳು. "ಆಯಿ, ನಾ ಹೋಗ್ತೀನಿ. ನೀ ಬರೋದು ಬಿಡೋದು ನೋಡು," ಎಂದು ಅಜ್ಜಿಗೆ ಹೇಳಿ ಚಪ್ಪಲಿ ಮೆಟ್ಟಿದಳು. ಅವಳು ಗೇಟು ದಾಟುವ ಹೊತ್ತಿಗೆ ಹಿಂದಿನಿಂದ ಕೋಲಿನ ಸಪ್ಪಳ ಕೇಳಿಸಿತು. ಗುರುಬಸಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, ಯಾರ ಕಡೆಯೂ ನೋಡದೆ ಬರುತ್ತಿದ್ದಳು.

ಕಾಶಿಬಾಯಿ ಬಾಗಿಲಲ್ಲೇ ನಿಂತಿದ್ದಳು. ಒಂದು ಗಳಿಗೆ ಇಬ್ಬರೂ ಮುಖಾಮುಖಿ. ಕಾಶಿಬಾಯಿ ಕೂಸಿನ ಮುಖ ನೋಡಿ ಪಕ್ಕಕ್ಕೆ ಸರಿದಳು. "ಒಳಗ ಬರ್ರಿ. ಪಡಸಾಲಿ ಬಳದು ಚಾಪಿ ಹಾಸೀನಿ," ಎಂದಳು. ಬೀದಿಯ ಬಾಗಿಲುಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಬೀಗ ಹಾಕಿಕೊಂಡು ಹೊರಟರು.

ಹನ್ನೊಂದಕ್ಕೆ ಜಗದೇವಿ ನಿಯಂತ್ರಣ ಕೊಠಡಿಯಲ್ಲಿದ್ದಳು. ಪ್ರತಿ ಸಾಲಿನಿಂದ ಫೋನು ಬರುತ್ತಿತ್ತು: ಇಷ್ಟು ಮಂದಿ ಬಂದರು, ಇಂಥವರು ಬಂದಿಲ್ಲ. ಮೊದಲನೆಯ ಸಾಲಿನಿಂದ ಒಬ್ಬಾತ, "ಎಲ್ಲಾರೂ ಬಂದಾರ್ರಿ, ಮಾಸ್ತರ್ರೂ ಹಿಂದ ಬರ್ಲತ್ತಾರ," ಎಂದ. ದೇಸಾಯಿ ನೀರಿನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿದರು. ಇನ್ನೂರು ಚೌಕಗಳು ಹಳದಿಯಿಂದ ಕೇಸರಿಗೆ, ಕೇಸರಿಯಿಂದ ಕಂದಿಗೆ ತಿರುಗುವುದನ್ನು ಇಬ್ಬರೂ ನೋಡುತ್ತ ಕೂತರು. ಆ ಕಂದುಗಳಲ್ಲಿ ಒಂದು ತನ್ನ ಮನೆಯೆಂದು ಜಗದೇವಿಗೆ ಗೊತ್ತಿತ್ತು. ಅದನ್ನು ಹುಡುಕಲು ಹೋಗಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಅಶ್ವಿನಿಯ ಫೋನು ಬಂತು. "ಅವ್ವಾ, ಇಲ್ಲಿ ಉಸಿರು ಕಟ್ಲತ್ತದ. ಕೂಸು ಮಲಿ ಹಿಡೀವಲ್ದು."

ಜಗದೇವಿ ಪರದೆ ನೋಡಿದಳು. ಕಾಶಿಬಾಯಿಯ ಮನೆಯ ಗೋಡೆ ಹಳದಿಯಲ್ಲೇ ಗಟ್ಟಿಯಾಗಿ ನಿಂತಿತ್ತು. ಒಳಗಿನ ಉಷ್ಣಾಂಶ ಮೂವತ್ತನಾಲ್ಕು. ಅದೇನೂ ಭಯಪಡುವಂಥದ್ದಲ್ಲ. ಆದರೆ ಒಳಗಿನ ತೇವಾಂಶದ ಅಂಕಿ ತುತ್ತತುದಿಗೇರಿತ್ತು. ನಲವತ್ತು ಮಂದಿಯ ಉಸಿರು, ಬೆವರು ಪಡಸಾಲೆಯಲ್ಲೇ ಸಿಕ್ಕಿಕೊಂಡಿತ್ತು. ಗಾಳಿ ಅಷ್ಟು ಒದ್ದೆಯಾದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೂವತ್ತನಾಲ್ಕೂ ಮೈಯನ್ನು ಬೇಯಿಸುತ್ತದೆ. ಶಾಖದ ಲೆಕ್ಕ ಹಾಕಿದ್ದಳು, ಉಸಿರಿನ ಲೆಕ್ಕ ಮರೆತಿದ್ದಳು. ಉಳಿದ ಮನೆಗಳಿಗೆ ಮಾಳಿಗೆಯ ಮೇಲೆ ಗಾಳಿಕಿಂಡಿಗಳಿದ್ದವು. ಕಾಶಿಬಾಯಿಯ ಪಡಸಾಲೆಯನ್ನು ಆಮೇಲೆ ಸೇರಿಸಿ ಕಟ್ಟಿದ್ದರಿಂದ ಅದಕ್ಕೆ ಇರಲಿಲ್ಲ.

"ಕಿಟಕಿ ತೆಗೀಲೇನು?" ಅಶ್ವಿನಿ ಕೇಳಿದಳು.

"ಬ್ಯಾಡ. ಹೊರಗಿನ ಝಳ ಒಳಗ ಬರ್ತದ. ನಾ ಬರ್ಲತ್ತೀನಿ."

ದೇಸಾಯಿ ಅಡ್ಡ ನಿಂತರು. "ಈ ಬಿಸಿಲಾಗ ಎಲ್ಲಿಗಿ ಹೋಗ್ತೀರಿ?"

"ಗಾಳಿ ಮ್ಯಾಲ ಹೋಗಾಕ ದಾರಿ ಬೇಕು ಸರ್. ಆ ಮನ್ಯಾಗ ದಾರಿ ಅದ, ನಾವೇ ಮುಚ್ಚಿಸೀವಿ."

ಬೀದಿಗೆ ಕಾಲಿಟ್ಟ ಕೂಡಲೆ ಗಾಳಿ ಮುಖಕ್ಕೆ ಬಡಿಯಿತು. ಕಣ್ಣಿನ ಒದ್ದೆಯೂ ಆರಿಹೋದಂತಾಯಿತು. ಎರಡೂ ಕಡೆಯ ಗೋಡೆಗಳು ಕಂದಾಗಿ, ಅವುಗಳಿಂದ ಹುಲ್ಲು ಸುಟ್ಟ ವಾಸನೆ ಬರುತ್ತಿತ್ತು. ಟವೆಲನ್ನು ಒದ್ದೆ ಮಾಡಿ ತಲೆಗೆ ಸುತ್ತಿಕೊಂಡಿದ್ದಳು. ಕಾಶಿಬಾಯಿಯ ಮನೆ ಮುಟ್ಟುವಷ್ಟರಲ್ಲಿ ಅದು ಒಣಗಿ ಗರಿಗರಿಯಾಗಿತ್ತು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಜನ ಒಬ್ಬರ ಬೆನ್ನಿಗೆ ಒಬ್ಬರು ಆತು ಬಾಯಿ ತೆರೆದು ಕೂತಿದ್ದರು. ಮೂಲೆಯಲ್ಲಿ ಗುರುಬಸಮ್ಮ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ರೊಟ್ಟಿಯ ಬುಟ್ಟಿಯ ಮುಚ್ಚಳದಿಂದ ಗಾಳಿ ಹಾಕುತ್ತಿದ್ದಳು. ಕೂಸಿನ ಕೈ ಸೋತು ಜೋತುಬಿದ್ದಿತ್ತು.

"ಕಾಶಕ್ಕ, ನಿಚ್ಚಣಿಕಿ ಎಲ್ಲದ? ಮತ್ತ ಒಂದು ಹಾರಿ ಕೊಡ್ರಿ."

ಕಾಶಿಬಾಯಿ ಅವಳನ್ನೇ ನೋಡಿದಳು. ತಗಡು ಬಡಿಸಿದ ದಿನ ಇದೇ ಜಗದೇವಿ ಅಂಗಳದಲ್ಲಿ ನಿಂತು ನಿಯಮ ಓದಿದ್ದಳು. ಆ ಮಾತು ಕಾಶಿಬಾಯಿಯ ಬಾಯಿಗೆ ಬಂದಿರಬೇಕು. ಆದರೆ ಅವಳು ಹಿತ್ತಲಿನ ಬಾಗಿಲು ತೋರಿಸಿ, "ಒಬ್ಬಾಕಿನೇ ಹತ್ತಬ್ಯಾಡ. ನಾ ಕೆಳಗ ಹಿಡೀತೀನಿ," ಎಂದಳು.

ಮಾಳಿಗೆಯ ಮೇಲೆ ನಿಲ್ಲುವುದು ಸಾಧ್ಯವಿರಲಿಲ್ಲ. ಜಗದೇವಿ ಮೊಣಕಾಲಿಗೆ ಗೋಣಿಚೀಲ ಹಾಕಿಕೊಂಡು ತೆವಳಿದಳು. ಒಲೆಗಳು ಪಡಸಾಲೆಯಲ್ಲಿದ್ದ ಕಾಲದ ಮೂರು ಹೊಗೆಗೊಳವೆಗಳು, ಕಪ್ಪು ತಗಡಿನವು, ಬಿಸಿಲಿಗೆ ಕಾದು ನಡುಗುವಂತೆ ಕಾಣುತ್ತಿದ್ದವು. ಅವು ಅಷ್ಟು ಕಾದಿದ್ದೇ ಅವಳಿಗೆ ಬೇಕಿತ್ತು. ಕಾದ ಕೊಳವೆಯೊಳಗಿನ ಗಾಳಿ ಹಗುರಾಗಿ ಮೇಲೇರುತ್ತದೆ. ಬಾಯಿ ತೆರೆದರೆ ಒಳಗಿನ ಉಸಿರನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಆ ಜಾಗಕ್ಕೆ ಗೋಡೆಯ ಬುಡದ ಸಣ್ಣ ತೂತುಗಳಿಂದ, ಒದ್ದೆ ಪಾಚಿಯ ಮೂಲಕ ಸೋಸಿದ ತಂಪು ಗಾಳಿ ಒಳಬರುತ್ತದೆ.

ಮೊದಲ ತಗಡಿನ ಮೊಳೆಗಳು ಸಲೀಸಾಗಿ ಕಿತ್ತುಬಂದವು. ಎರಡನೆಯದಕ್ಕೆ ಹಾರೆ ಜಾರಿ ಅವಳ ಎಡಗೈ ಕೊಳವೆಗೆ ಒತ್ತಿತು. ಚರ್ಮ ಅಂಟಿಕೊಂಡು ಬಿಟ್ಟಿತು. ಅವಳು ಕೂಗಲಿಲ್ಲ; ಕೂಗಲು ಗಂಟಲಲ್ಲಿ ನೀರಿರಲಿಲ್ಲ. ಕಣ್ಣಿಗೆ ಕತ್ತಲೆ ಕವಿಯಿತು. ಕೆಳಗಿನಿಂದ ಕಾಶಿಬಾಯಿ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಆ ದನಿಯನ್ನೇ ಹಿಡಿದುಕೊಂಡು ಜಗದೇವಿ ಮೂರನೆಯ ಕೊಳವೆಯ ತನಕ ತೆವಳಿದಳು. ಅದರ ತಗಡು ತುಕ್ಕು ಹಿಡಿದಿತ್ತು. ಹಾರೆಯಿಂದ ಹೊಡೆದು ಹರಿದಳು.

ಕೊಳವೆಯ ಬಾಯಿಂದ ಮುಖಕ್ಕೆ ಒಂದು ಬಿಸಿ ಉಸಿರು ಬಂತು. ಬೆವರಿನ, ಹಾಲಿನ, ಮನುಷ್ಯರ ವಾಸನೆ. ಅದು ಮೇಲೇರುತ್ತಿತ್ತು.

ಕೆಳಗೆ ಇಳಿದಳೋ ಬಿದ್ದಳೋ ಅವಳಿಗೆ ಆಮೇಲೆ ನೆನಪಾಗಲಿಲ್ಲ. ಎಚ್ಚರವಾದಾಗ ಪಡಸಾಲೆಯ ನೆಲದ ಮೇಲಿದ್ದಳು, ತಲೆ ಕಾಶಿಬಾಯಿಯ ತೊಡೆಯ ಮೇಲಿತ್ತು. ಬುಡದ ತೂತುಗಳಿಂದ ಗಾಳಿ ಸಣ್ಣಗೆ ಸುಯ್‌ಗುಡುತ್ತ ಕಾಲಿಗೆ ತಾಕುತ್ತಿತ್ತು. ಜನ ನೆಲದ ಕಡೆ ಮುಖ ಮಾಡಿ ಉಸಿರಾಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಮೂಲೆಯಿಂದ ಒಂದು ತೆಳ್ಳನೆಯ ಅಳು ಕೇಳಿಸಿತು. ಕೂಸು ಹಸಿದು ಅಳುತ್ತಿತ್ತು. ಗುರುಬಸಮ್ಮ ಅದನ್ನು ಅಶ್ವಿನಿಯ ಕೈಗೆ ಕೊಟ್ಟು, ತಾನು ಗೋಡೆಗೆ ತಿರುಗಿ ಕೂತಳು. ಅವಳ ಬೆನ್ನು ಅಲುಗುತ್ತಿದ್ದುದನ್ನು ಎಲ್ಲರೂ ನೋಡಿದರು.

ಮರುದಿನ ಸಂಜೆ ನೀರು ಬಂತು. ಕೊಳವೆಗಳಲ್ಲಿ ಮೊದಲು ಗಾಳಿ, ಆಮೇಲೆ ಕೆಸರು, ಆಮೇಲೆ ನೀರು. ಜನ ತಂತಮ್ಮ ಮನೆಗಳ ಮುಂದೆ ನಿಂತು ಕಂದು ಗೋಡೆಗಳನ್ನು ಮುಟ್ಟಿ ನೋಡಿದರು. ಮುಟ್ಟಿದ ಕಡೆ ಪಾಚಿ ಪುಡಿಪುಡಿಯಾಗಿ ಉದುರಿತು. ಹಿತ್ತಲುಗಳಲ್ಲಿ ಬದನೆ, ಪುಂಡಿ ಎಲ್ಲ ಬೈಹುಲ್ಲಾಗಿದ್ದವು. ಆದರೂ ಸಾಲು ಸಾಲಾಗಿ ಎಣಿಸುತ್ತ ಬಂದರೆ ಮಂದಿ ಸಿಗುತ್ತಿದ್ದರು. ಮೊದಲನೆಯ ಸಾಲಿನಲ್ಲಿ ಮಾತ್ರ ಒಬ್ಬರು ಕಡಿಮೆ.

"ಮಾಸ್ತರ್ರು ನಿಮ್ಮ ಕಡೆ ಬಂದಿಲ್ಲೇನು?" ಎಂದು ಅವರು ಇವರನ್ನು, ಇವರು ಅವರನ್ನು ಕೇಳಿದರು.

ಗೇಟಿಗೆ ಚಿಲಕ ಹಾಕಿರಲಿಲ್ಲ. ದೇಸಾಯಿ ಮುಂದೆ, ಜಗದೇವಿ ಹಿಂದೆ. ಮಲ್ಲಿನಾಥ ಮಾಸ್ತರರು ಹಿತ್ತಿಲಲ್ಲಿ ಅಂಜೂರದ ಬುಡದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಬರಿದಾದ ಕೊಡ. ಕುಡಿಯಲು ಇಟ್ಟುಕೊಂಡಿದ್ದ ನೀರನ್ನೆಲ್ಲ ಗಿಡಗಳಿಗೆ ಎರೆದಿದ್ದರು. ಇಡೀ ಸಾಲಿನಲ್ಲಿ ಅಂಜೂರವೊಂದೇ ಹಸಿರಾಗಿತ್ತು. ದೇಸಾಯಿ ಅವರ ಮಣಿಕಟ್ಟು ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟರು.

ಮಾಸ್ತರರ ಮಗಳು ಬೀದರಿನಿಂದ ಬಂದಳು. ಕ್ರಿಯೆಗಳೆಲ್ಲ ಮುಗಿದ ಮೇಲೆ ನಿಯಂತ್ರಣ ಕೊಠಡಿಗೆ ಬಂದು ಜಗದೇವಿಯ ಎದುರು ಕೂತಳು. ದೇಸಾಯಿ ಅವಳಿಗೆ ಎಲ್ಲವನ್ನೂ ಪರದೆಯ ಮೇಲೆ ತೋರಿಸಿದರು. ಮುನ್ನೂರು ಮನೆ, ಸಾವಿರಕ್ಕೂ ಮೀರಿದ ಜನ, ಇದೊಂದು ಬಿಟ್ಟರೆ ಸಾವಿಲ್ಲ. ಮಗಳು ಪರದೆ ನೋಡಲಿಲ್ಲ.

"ಅಪ್ಪಗ ಹೇಳಿದ್ರೇನ್ರಿ?" ಎಂದು ಜಗದೇವಿಯನ್ನು ಕೇಳಿದಳು.

ಬ್ಯಾಂಡೇಜು ಸುತ್ತಿದ ಕೈಯನ್ನು ಜಗದೇವಿ ಮಡಿಲಲ್ಲಿ ಇಟ್ಟುಕೊಂಡಳು. ಹೇಳಿದ್ದೆವು ಎಂದರೆ ಅದು ಸುಳ್ಳಾಗುತ್ತಿರಲಿಲ್ಲ. ಸ್ಪೀಕರಿನಲ್ಲಿ ಎರಡು ಸಲ, ಗೇಟಿನಲ್ಲಿ ಒಂದು ಸಲ.

"ಹೇಳಿದ್ದೆವ್ರಿ," ಎಂದಳು. "ಆದ್ರ ನೀರು ಬಂದ್ ಮಾಡೋಕಿಂತ ಮೊದಲು ಯಾರೂ ಹೋಗಿ ಬಾಗಿಲಾ ಬಡೀಲಿಲ್ಲ. ಬರ್ಲತ್ತಾರ ಅಂತ ಒಬ್ಬರು ಅಂದ್ರು, ನಾ ನಂಬಿದೆ. ನಾ ಹೋಗಿದ್ರ ಬರ್ತಿದ್ರೋ ಏನೋ ಗೊತ್ತಿಲ್ಲ. ನಾ ಹೋಗಲಿಲ್ಲ."

ಮಗಳು ಜಗದೇವಿಯ ಬ್ಯಾಂಡೇಜನ್ನು ನೋಡಿದಳು. "ನಾನೂ ಫೋನ್ ಮಾಡಿದ್ದಿಲ್ಲ," ಎಂದಳು. ಎದ್ದು ಹೋಗುವಾಗ ಹಿತ್ತಿಲಿನ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟಳು. ಅಂಜೂರಕ್ಕೆ ಯಾರಾದರೂ ನೀರು ಹಾಕಿರೆಂದು ಹೇಳಲಿಲ್ಲ, ಆದರೆ ಅದಕ್ಕೇ ಇಟ್ಟಳೆಂದು ಜಗದೇವಿಗೆ ತಿಳಿಯಿತು.

ಮಳೆಗಾಲದಲ್ಲಿ ಸತ್ತ ಪಾಚಿಯನ್ನು ಕೆರೆದು ಹೊಸದನ್ನು ಹಚ್ಚಿದರು. ಪ್ರತಿ ಸಾಲಿಗೂ ನೆಲದಡಿಯಲ್ಲಿ ಒಂದು ಮಳೆನೀರಿನ ತೊಟ್ಟಿ, ದಪ್ಪ ಕಲ್ಲುಗೋಡೆಯ ಒಂದು ಸಮುದಾಯದ ಪಡಸಾಲೆ ಆದವು. ಎಲ್ಲರ ಮನೆಗೂ ಹೊಗೆಗೊಳವೆಯಂಥ ಗಾಳಿದಾರಿ ಬಂತು. ಗುರುಬಸಮ್ಮ ಕಾಶಿಬಾಯಿಯ ಮನೆಯ ಕಡೆ ಹೋಗುವುದನ್ನು ಯಾರೂ ನೋಡಲಿಲ್ಲ. ಜೋಳದ ಹಿಟ್ಟು ಮುಗಿದ ದಿನ ಅವಳು ಮೊಮ್ಮಗಳನ್ನು ಕಳಿಸಿ ಅಲ್ಲಿಂದಲೇ ರೊಟ್ಟಿ ತರಿಸಿದ್ದು ಮಾತ್ರ ನಿಜ.

ಮರುವರ್ಷ ಬೇಸಿಗೆ ಮತ್ತೆ ಬಂತು. ಏಪ್ರಿಲಿನಲ್ಲೇ ಪರದೆಯ ಒಂದೆರಡು ಚೌಕ ಹಳದಿಯಾದವು. ದೇಸಾಯಿ ಸ್ಪೀಕರಿನ ಗುಂಡಿಗೆ ಕೈಯಿಟ್ಟರು.

"ನಾ ಹೋಗಿ ಬರ್ತೀನಿ ಸರ್," ಎಂದಳು ಜಗದೇವಿ.

"ಇಷ್ಟು ಮನಿ ಅವ. ಎಷ್ಟು ಅಂತ ತಿರಗ್ತೀರಿ?"

ಅವಳು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಹೊರಟಳು. ಮೊದಲ ಸಾಲಿನ ಮೊದಲ ಬಾಗಿಲಿನ ಮುಂದೆ ನಿಂತು ಬಡಿದಳು. ಸದ್ದಿಲ್ಲ. ಇನ್ನೊಮ್ಮೆ ಬಡಿದಳು. ಒಳಗೆ ಪಾತ್ರೆಯೊಂದು ಸರಿದ ಶಬ್ದವಾಯಿತು.

"ಯಾರದೀರಿ ಒಳಗ?" ಎಂದು ಕೇಳಿ, ಉತ್ತರ ಬರುವ ತನಕ ಅವಳು ಅಲ್ಲೇ ಬಿಸಿಲಲ್ಲಿ ನಿಂತಳು.

"ಅದೀವ್ರಿ," ಎಂದಿತು ಒಂದು ದನಿ. "ಎಲ್ಲಾರೂ ಅದೀವಿ."